ಐಸ್ ಮೇಕರ್ ವಿಪರೀತ ಕಾಯುತ್ತಿದೆ: ಶುಚಿ ಮಾಡುವುದೋ, ರಿಪೇರಿಯೋ, ಹೊಸದೋ, ಹಳೆಯ ಟ್ರೇಯೋ?

ಮಾರ್ಚ್ ಮುಗಿಯುತ್ತಿದ್ದಂತೆ ಒಂದೇ ಬಗೆಯ ಪ್ರಶ್ನೆಯನ್ನು ಹಲವರು ಕೇಳುತ್ತಾರೆ. ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಪುಟ್ಟ ಐಸ್ ಮೇಕರ್ ಚಳಿಗಾಲದಲ್ಲಿ ತಕರಾರಿಲ್ಲದೆ ನಡೆಯುತ್ತಿತ್ತು. ಈಗ ಅದರ ಪಕ್ಕ ಮುಟ್ಟಿದರೆ ಕೈ ಚುರುಗುಟ್ಟುತ್ತದೆ, ಅರ್ಧ ಗಂಟೆ ಓಡಿ ತಾನಾಗಿಯೇ ನಿಂತುಬಿಡುತ್ತದೆ, ಉದುರುವ ತುಂಡುಗಳು ತೆಳ್ಳಗೆ ಟೊಳ್ಳಾಗಿದ್ದು ಮಜ್ಜಿಗೆಗೆ ಹಾಕುವಷ್ಟರಲ್ಲಿ ಕರಗುತ್ತವೆ. ಮೆಕ್ಯಾನಿಕ್ ಗ್ಯಾಸ್ ತುಂಬಿಸಬೇಕೆನ್ನುತ್ತಾರೆ, ಅಂಗಡಿಯವರು ಹೊಸದನ್ನು ಕೊಳ್ಳಿರೆನ್ನುತ್ತಾರೆ, ಮನೆಯ ಹಿರಿಯರು ಫ್ರಿಜ್‌ನ ಟ್ರೇಯೇ ಸಾಕಿತ್ತಲ್ಲ ಎನ್ನುತ್ತಾರೆ. ಮೂವರ ಮಾತೂ ಒಂದೊಂದು ಸನ್ನಿವೇಶದಲ್ಲಿ ಸರಿ. ನಿಮ್ಮ ಮನೆಯದು ಯಾವ ಸನ್ನಿವೇಶ ಎಂಬುದನ್ನು ಗುರುತಿಸಿಕೊಳ್ಳಲು ಬೇಕಾದ ಅಳತೆಗೋಲುಗಳನ್ನು ಮೊದಲು ಇಟ್ಟು, ಆಮೇಲೆ ಒಂದೊಂದು ಆಯ್ಕೆಯನ್ನೂ ತೂಗಿ ನೋಡುತ್ತೇನೆ.

ಅದಕ್ಕೂ ಮುನ್ನ ಈ ಯಂತ್ರ ಏಕೆ ಕಾಯುತ್ತದೆ ಎಂಬುದು ತಿಳಿದಿರಬೇಕು. ಐಸ್ ಮೇಕರ್ ಮಾಡುವ ಕೆಲಸ ನೀರಿನೊಳಗಿನ ಶಾಖವನ್ನು ಹೊರತೆಗೆದು ಕೋಣೆಯ ಗಾಳಿಗೆ ಸುರಿಯುವುದು. ಒಂದು ಕಿಲೋ ನೀರನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 125 ಕಿಲೋಜೂಲ್ ಶಾಖವನ್ನು ತೆಗೆಯಬೇಕು. ಸೊನ್ನೆಗೆ ಬಂದ ನೀರು ಗಡ್ಡೆಯಾಗಲು ಇನ್ನೂ 334 ಕಿಲೋಜೂಲ್ ಹೋಗಬೇಕು. ಇಷ್ಟು ಶಾಖದ ಜೊತೆಗೆ ಅನಿಲವನ್ನು ಒತ್ತಿ ಪೈಪುಗಳಲ್ಲಿ ಸುತ್ತಿಸುವ ಕಂಪ್ರೆಸರ್ ಎಳೆದುಕೊಂಡ ವಿದ್ಯುತ್ತೂ ಶಾಖವಾಗಿಯೇ ಕಂಡೆನ್ಸರ್ ಎಂಬ ತೆಳು ರೆಕ್ಕೆಗಳ ಪೈಪಿನ ಮೂಲಕ ಹೊರಗೆ ಬರಬೇಕು. ಆದ್ದರಿಂದ ಯಂತ್ರ ಬೆಚ್ಚಗಾಗುವುದು, ಅದರ ಜಾಲರಿಯಿಂದ ಬಿಸಿ ಗಾಳಿ ಬರುವುದು, ಕಂಪ್ರೆಸರಿನ ಮೈ ಮುಟ್ಟಲಾರದಷ್ಟು ಕಾಯುವುದು ಇವೆಲ್ಲ ಸಹಜ. ಬಿಸಿ ಗಾಳಿ ಜೋರಾಗಿ ಬರುತ್ತಿದೆ ಎಂದರೆ ಯಂತ್ರ ಆರೋಗ್ಯವಾಗಿದೆ ಎಂದೇ ತಿಳಿಯಬಹುದು. ಕಾಯಿಲೆ ಎನ್ನಬೇಕಾದದ್ದು ಆ ಶಾಖ ಹೊರಗೆ ಹೋಗಲಾಗದೆ ಒಳಗೇ ಸಿಕ್ಕಿಕೊಂಡಾಗ. ಮುಂದಿನ ಎಲ್ಲ ನಿರ್ಧಾರಗಳೂ ಅದು ಎಲ್ಲಿ ಸಿಕ್ಕಿಕೊಂಡಿದೆ ಎಂಬುದರ ಮೇಲೆ ನಿಂತಿವೆ.

ಅಳತೆಗೋಲುಗಳು

ಮೊದಲನೆಯದು ಅಪಾಯ. ಸುಟ್ಟ ವಾಸನೆ, ಪ್ಲಗ್ಗಿನ ಪಿನ್ನುಗಳು ಕಪ್ಪಾಗಿರುವುದು, ವೈರು ಕಾದು ಮೆತ್ತಗಾಗಿರುವುದು, ಯಂತ್ರ ಶುರುವಾದೊಡನೆ ಮನೆಯ ಎಂಸಿಬಿ ಬೀಳುವುದು, ಮೈ ಮುಟ್ಟಿದರೆ ಜುಮ್ಮೆನ್ನುವುದು ಇವುಗಳಲ್ಲಿ ಯಾವುದೇ ಒಂದು ಇದ್ದರೂ ಸ್ವಿಚ್ ಆರಿಸಿ ಪ್ಲಗ್ ಕಿತ್ತು ಬದಿಗಿಡಬೇಕು. ಮನೆಯಲ್ಲೇ ಪರೀಕ್ಷೆ ಮಾಡುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಈಗಿನ ಹಲವು ಮಾದರಿಗಳಲ್ಲಿ ಶಾಖವನ್ನು ಹೊತ್ತೊಯ್ಯಲು ಆರ್-600ಎ ಎಂಬ ಅನಿಲವಿರುತ್ತದೆ. ಅದು ಐಸೋಬ್ಯುಟೇನ್, ಅಂದರೆ ನಮ್ಮ ಅಡುಗೆ ಅನಿಲದ ಹತ್ತಿರದ ಬಂಧು, ಬೆಂಕಿ ಹಿಡಿಯುವಂಥದ್ದು. ಪ್ರಮಾಣ ಕೆಲವೇ ಹತ್ತು ಗ್ರಾಂಗಳಾದರೂ ಬೆಂಕಿಯೊಡನೆ ಸರಸ ಸಲ್ಲದು. ಫ್ಯಾನ್ ಗಾಳಿ ಎಳೆಯುತ್ತಿದೆಯೇ ಎಂದು ನೋಡಲು ಊದುಬತ್ತಿ ಹಿಡಿಯಿರಿ ಎಂದು ಕೆಲವರು ಸಲಹೆ ಕೊಡುವುದನ್ನು ಕೇಳಿದ್ದೇನೆ, ದಯವಿಟ್ಟು ಬೇಡ. ವೃತ್ತಪತ್ರಿಕೆಯ ಒಂದು ಸಣ್ಣ ಚೂರು ಅದೇ ಕೆಲಸವನ್ನು ಮಾಡುತ್ತದೆ.

ಎರಡನೆಯದು ಶಾಖ ಸಿಕ್ಕಿಕೊಂಡಿರುವ ಜಾಗ. ಯಂತ್ರವನ್ನು ಎರಡು ಗಂಟೆ ಆರಲು ಬಿಟ್ಟು, ಸುತ್ತಲೂ ಒಂದು ಗೇಣು ಜಾಗವಿರುವ ಕಡೆ ಇಟ್ಟು ಚಾಲೂ ಮಾಡಿ. ಕಾಗದದ ಚೂರನ್ನು ಜಾಲರಿಗಳ ಬಳಿ ಹಿಡಿದರೆ ಗಾಳಿ ಒಳಗೆ ಹೋಗುವ ಕಡೆ ಅದು ಅಂಟಿಕೊಳ್ಳಬೇಕು, ಹೊರಬರುವ ಕಡೆ ಹಾರಬೇಕು. ಎಲ್ಲಿಯೂ ಅಲುಗದಿದ್ದರೆ ದೋಷ ಫ್ಯಾನಿನದು, ಇಲ್ಲವೇ ಧೂಳು ಗಾಳಿಯ ದಾರಿಯನ್ನೇ ಮುಚ್ಚಿದೆ. ಹೊರಬರುವ ಗಾಳಿ ಚೆನ್ನಾಗಿ ಬಿಸಿಯಿದ್ದೂ ಐಸ್ ಸಣ್ಣದಾಗುತ್ತಿದ್ದರೆ ದೋಷ ಸುತ್ತಲಿನ ಸೆಕೆ, ಬಿಸಿ ನೀರು ಅಥವಾ ಕಲ್ಲುಕಟ್ಟಿದ ಪೈಪು, ಐಸ್ ಕಟ್ಟಿಸುವ ಲೋಹದ ಬೆರಳುಗಳದು. ಗಾಳಿ ಬರೀ ಉಗುರುಬೆಚ್ಚಗಿದ್ದು ಕಂಪ್ರೆಸರಿನ ಭಾಗ ಮಾತ್ರ ಕೆಂಡವಾಗಿದ್ದರೆ, ನೀರಿನಲ್ಲಿ ಅದ್ದುವ ಆ ಬೆರಳುಗಳಲ್ಲಿ ಒಂದೆರಡಕ್ಕೆ ಮಾತ್ರ ಹಿಮ ಹಿಡಿಯುತ್ತಿದ್ದರೆ, ಗ್ಯಾಸ್ ಸೋರಿರುವ ಸಂಭವ ಹೆಚ್ಚು. ಕೆಲಸವೇ ಮಾಡದ ಯಂತ್ರ ಏಕೆ ಕಾಯಬೇಕು ಎಂದು ಅನ್ನಿಸಬಹುದು; ಕಂಪ್ರೆಸರಿನ ಮೋಟಾರನ್ನು ತಂಪಾಗಿಡುವುದೂ ಅದರೊಳಕ್ಕೆ ಮರಳಿ ಬರುವ ಅದೇ ತಣ್ಣನೆಯ ಅನಿಲ, ಅದು ಕಡಿಮೆಯಾದರೆ ಮೋಟಾರು ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಇನ್ನೊಂದು ಲಕ್ಷಣವಿದೆ: ಗುಂಯ್‌ಗುಟ್ಟಿ, ಕೆಲವೇ ಕ್ಷಣಗಳಲ್ಲಿ ‘ಟಕ್’ ಎಂದು ನಿಂತು, ಸ್ವಲ್ಪ ಹೊತ್ತಿನ ನಂತರ ಮತ್ತೆ ಅದನ್ನೇ ಮಾಡುವುದು. ಅಲ್ಲಿ ಕಂಪ್ರೆಸರ್ ಏಳಲಾಗದೆ, ಹೆಚ್ಚು ಕಾದರೆ ಕರೆಂಟು ಕಡಿಯುವ ಓವರ್‌ಲೋಡ್ ಎಂಬ ಭಾಗ ಅದನ್ನು ಕಾಪಾಡುತ್ತಿದೆ ಎಂದರ್ಥ. ಕಾರಣ ಕಡಿಮೆ ವೋಲ್ಟೇಜ್ ಇರಬಹುದು, ಮೋಟಾರನ್ನು ಎಬ್ಬಿಸುವ ರಿಲೇ ಹೋಗಿರಬಹುದು, ಅಥವಾ ಕರೆಂಟು ಹೋಗಿ ಬಂದ ಕೂಡಲೇ ಸ್ವಿಚ್ ಹಾಕಿರಬಹುದು. ಒಮ್ಮೆ ನಿಂತ ಕಂಪ್ರೆಸರಿಗೆ ಒಳಗಿನ ಒತ್ತಡ ಸಮವಾಗಲು ಮೂರರಿಂದ ಐದು ನಿಮಿಷ ಬೇಕು.

ಮೂರನೆಯದು ನಿಮಗೆ ನಿಜವಾಗಿ ಬೇಕಾದ ಐಸ್ ಎಷ್ಟು, ಯಾವ ಹೊತ್ತಿಗೆ ಎಂಬುದು. ‘ದಿನಕ್ಕೆ 12 ಕಿಲೋ’ ಎಂದು ಡಬ್ಬಿಯ ಮೇಲೆ ಬರೆದಿರುವುದು 24 ಗಂಟೆ ಬಿಡದೆ ಓಡಿದರೆ ಬರುವ ಲೆಕ್ಕ, ಅಂದರೆ ಗಂಟೆಗೆ ಅರ್ಧ ಕಿಲೋ; ಅದೂ ಹಿತವಾದ ಹವೆಯಲ್ಲಿ. ಐದು ಜನರ ಮನೆಯಲ್ಲಿ ಮಧ್ಯಾಹ್ನದ ಮಜ್ಜಿಗೆ, ಸಂಜೆಯ ಪಾನಕ, ಲಿಂಬು ಶರಬತ್ತಿಗೆ ದಿನಕ್ಕೆ ಒಂದು ಕಿಲೋ ಐಸ್ ಧಾರಾಳ. ಮನೆಯಿಂದಲೇ ಜ್ಯೂಸ್ ಮಾಡಿ ಮಾರುವವರ ಲೆಕ್ಕವೇ ಬೇರೆ.

ನಾಲ್ಕನೆಯದು ಹಣ. ಇಲ್ಲಿ ನಾನು ಅನುಸರಿಸುವ ಒಂದು ಒರಟು ನಿಯಮವಿದೆ: ವಾರಂಟಿ ಮುಗಿದ ಯಂತ್ರಕ್ಕೆ ಹೊಸದರ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಿಪೇರಿ ಖರ್ಚು ಬಂದರೆ ಕೈ ಹಾಕುವುದಿಲ್ಲ. ವಾರಂಟಿ ಇನ್ನೂ ಇದ್ದರೆ ಸ್ಕ್ರೂ ಬಿಚ್ಚುವ ಮೊದಲು ಬಿಲ್ ಹುಡುಕಿ ಕಂಪನಿಯವರನ್ನು ಕರೆಯಿರಿ.

ಮೊದಲ ಆಯ್ಕೆ: ಜಾಗ ಬದಲಿಸಿ ಶುಚಿ ಮಾಡುವುದು

ಇದಕ್ಕೆ ಹಣ ಬೇಕಿಲ್ಲ, ಒಂದು ಮಧ್ಯಾಹ್ನ ಸಾಕು. ಬೇಸಿಗೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ ತೊಂದರೆಯಾದರೆ ಬಹುಪಾಲು ಇಲ್ಲಿಯೇ ಬಗೆಹರಿಯುತ್ತದೆ. ಆದ್ದರಿಂದ ಉಳಿದ ಆಯ್ಕೆಗಳನ್ನು ಯೋಚಿಸುವವರೂ ಇದನ್ನು ಮುಗಿಸಿಯೇ ಮುಂದುವರಿಯುವುದು ಒಳ್ಳೆಯದು.

ಯಂತ್ರದ ಹಿಂಬದಿಯ ಅಥವಾ ಅಡಿಯ ರೇಟಿಂಗ್ ಚೀಟಿಯನ್ನು ಒಮ್ಮೆ ಓದಿ. ಅಲ್ಲಿ ‘ಕ್ಲೈಮೇಟ್ ಕ್ಲಾಸ್’ ಎಂಬಲ್ಲಿ ಇಂಗ್ಲಿಷಿನ ಒಂದೆರಡು ಅಕ್ಷರಗಳಿರುತ್ತವೆ. ಎಸ್‌ಎನ್ ಅಥವಾ ಎನ್ ಎಂದಿದ್ದರೆ ಸುತ್ತಲಿನ ಹವೆ 32 ಡಿಗ್ರಿ ದಾಟದ ಜಾಗಕ್ಕಾಗಿ ತಯಾರಾದದ್ದು, ಎಸ್‌ಟಿ ಎಂದಿದ್ದರೆ 38ರವರೆಗೆ, ಟಿ ಎಂದಿದ್ದರೆ 43ರವರೆಗೆ. ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲಿ ಮೇ ತಿಂಗಳ ಹಗಲು 40 ಡಿಗ್ರಿ ದಾಟುವುದು ಹೊಸತಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರೇ 38 ದಾಟಿತ್ತು. ಎನ್ ವರ್ಗದ ಯಂತ್ರವನ್ನು ಅಂಥ ಮಧ್ಯಾಹ್ನ, ಅದೂ ಒಲೆ ಉರಿಯುವ ಅಡುಗೆಮನೆಯಲ್ಲಿ ಓಡಿಸಿ ಅದು ಕೆಟ್ಟಿದೆ ಎಂದರೆ ಯಂತ್ರಕ್ಕೆ ಅನ್ಯಾಯ. ನಾನೂ ಈ ತಪ್ಪು ಮಾಡಿದವನೇ: ಗ್ಯಾಸ್ ಒಲೆಗೂ ಗೋಡೆಗೂ ನಡುವಿನ ಮೂಲೆಯಲ್ಲಿ ಅದನ್ನು ತುರುಕಿ, ಎರಡು ವಾರ ಮೆಕ್ಯಾನಿಕ್ಕಿನ ದಾರಿ ಕಾದು, ಕೊನೆಗೆ ಪಡಸಾಲೆಯ ಕಿಟಕಿಯ ಬಳಿ ಇಟ್ಟ ದಿನ ತೊಂದರೆ ತಾನಾಗಿ ಮಾಯವಾಯಿತು. ಬೆಳಗಿನ ಜಾವ ನಾಲ್ಕರಿಂದ ಎಂಟರವರೆಗೆ ಓಡಿಸಿ, ಬಿದ್ದ ಐಸನ್ನು ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಡುವುದು ಇನ್ನೂ ಉತ್ತಮ. ಈ ಯಂತ್ರಗಳ ಬುಟ್ಟಿ ಫ್ರೀಜರ್ ಅಲ್ಲವಾದ್ದರಿಂದ ಅಲ್ಲಿಯೇ ಬಿಟ್ಟ ಐಸ್ ಕರಗಿ ಮತ್ತೆ ತೊಟ್ಟಿಗೆ ಇಳಿಯುತ್ತದೆ. ಯಂತ್ರ ಅದೇ ನೀರನ್ನು ಮತ್ತೆ ಮತ್ತೆ ಗಟ್ಟಿ ಮಾಡುತ್ತ ವ್ಯರ್ಥವಾಗಿ ದುಡಿಯುತ್ತದೆ.

ಹಾಕುವ ನೀರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ತಾರಸಿಯ ಟ್ಯಾಂಕಿನಿಂದ ಬಂದು ಫಿಲ್ಟರ್ ದಾಟಿದ ನೀರು ಮೇ ತಿಂಗಳ ಮೂರು ಗಂಟೆಗೆ 40 ಡಿಗ್ರಿಯ ಹತ್ತಿರವಿರಬಹುದು. ಮೇಲಿನ ಲೆಕ್ಕವನ್ನೇ ಹಿಡಿದರೆ 40 ಡಿಗ್ರಿಯ ಒಂದು ಕಿಲೋ ನೀರಿಗೆ ಸುಮಾರು 500 ಕಿಲೋಜೂಲ್, 20 ಡಿಗ್ರಿಯ ನೀರಿಗೆ ಸುಮಾರು 418. ಆರನೇ ಒಂದು ಭಾಗದ ದುಡಿಮೆ ಖರ್ಚಿಲ್ಲದೆಯೇ ಉಳಿಯಿತು. ಫ್ರಿಜ್‌ನಲ್ಲಿಟ್ಟ ಬಾಟಲಿಯ ನೀರು ಹಾಕುವುದು ಎಲ್ಲ ಕಡೆಗೂ ಸಲ್ಲುತ್ತದೆ. ಮಣ್ಣಿನ ಮಡಕೆಯ ನೀರು ಬಯಲುಸೀಮೆಯ ಒಣ ಗಾಳಿಯಲ್ಲಿ ಚೆನ್ನಾಗಿ ತಣಿಯುತ್ತದೆ, ಮಂಗಳೂರು ಉಡುಪಿಗಳ ಕಡೆ ಗಾಳಿಯೇ ತೇವವಾಗಿರುವುದರಿಂದ ಅದರಿಂದ ಅಷ್ಟು ಪ್ರಯೋಜನವಿಲ್ಲ.

ಶುಚಿಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯಿದೆ. ‘ಸೆಲ್ಫ್ ಕ್ಲೀನ್’ ಗುಂಡಿ ನೀರಿನ ದಾರಿಯನ್ನು ಮಾತ್ರ ತೊಳೆಯುತ್ತದೆ. ಧೂಳು, ಒಗ್ಗರಣೆಯ ಜಿಡ್ಡು ಸೇರಿ ಕಂಬಳಿಯಂತೆ ಕವಿದಿರುವ ಕಂಡೆನ್ಸರಿಗೂ ಅದಕ್ಕೂ ಸಂಬಂಧವಿಲ್ಲ. ಪ್ಲಗ್ ಕಿತ್ತ ಮೇಲೆ ಜಾಲರಿಯ ಕಡೆಯಿಂದ ಮೃದುವಾದ ಬ್ರಶ್ಶಿನಲ್ಲಿ, ರೆಕ್ಕೆಗಳು ನಿಂತಿರುವ ದಿಕ್ಕಿನಲ್ಲಿಯೇ, ಧೂಳನ್ನು ಕೆಡವಿ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬೇಕು. ಅಡ್ಡ ಉಜ್ಜಿದರೆ ತೆಳು ಅಲ್ಯೂಮಿನಿಯಂ ಮಡಚಿಕೊಂಡು ಗಾಳಿಯ ದಾರಿ ಮತ್ತಷ್ಟು ಕಿರಿದಾಗುತ್ತದೆ. ಬೋರ್‌ವೆಲ್ ನೀರನ್ನು ಹಾಕುವ ಮನೆಗಳಲ್ಲಿ ಬೆರಳುಗಳ ಮೇಲೂ ಪಂಪಿನೊಳಗೂ ಬಿಳಿಯ ಕಲ್ಲು ಕಟ್ಟಿರುತ್ತದೆ. ಅದು ಶಾಖವನ್ನು ತಡೆಯುವುದರಿಂದ ಪ್ರತಿ ಸುತ್ತೂ ಉದ್ದವಾಗಿ ಕಂಪ್ರೆಸರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಒಂದು ಲೀಟರ್ ನೀರಿಗೆ ಒಂದೆರಡು ಚಮಚ ಸಿಟ್ರಿಕ್ ಆಸಿಡ್ ಬೆರೆಸಿ ಶುಚಿಯ ಸುತ್ತನ್ನು ಓಡಿಸಿ, ಬರೀ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಮೊದಲ ಒಂದೆರಡು ಸುತ್ತಿನ ಐಸನ್ನು ಚೆಲ್ಲಿದರೆ ಆಯಿತು.

ವಿದ್ಯುತ್ತಿನ ಕಡೆ ನೋಡುವುದಾದರೆ, ಮಿಕ್ಸಿ, ಓವನ್ ಜೊತೆ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸದೆ ಗೋಡೆಯ ಸಾಕೆಟ್ಟಿಗೇ ನೇರವಾಗಿ ಹಾಕಬೇಕು. ಹಳ್ಳಿಗಳ ಕಡೆ ಸಂಜೆ 230 ವೋಲ್ಟ್ ಇರಬೇಕಾದದ್ದು 190ರ ಕೆಳಗಿಳಿಯುವುದಿದ್ದರೆ, ಕರೆಂಟು ಬಂದ ಮೇಲೆ ಕೆಲವು ನಿಮಿಷ ತಡೆದು ಚಾಲೂ ಮಾಡುವ ಫ್ರಿಜ್‌ನ ಸ್ಟೆಬಿಲೈಸರ್ ಹಾಕುವುದು ಹಣಕ್ಕೆ ತಕ್ಕ ಖರ್ಚು. ಮುಂದೆ ಹೊಸ ಯಂತ್ರ ಕೊಂಡರೂ ಅದು ಉಪಯೋಗಕ್ಕೆ ಬರುತ್ತದೆ.

ಎರಡನೆಯ ಆಯ್ಕೆ: ಬಿಡಿಭಾಗದ ರಿಪೇರಿ

ಫ್ಯಾನಿನ ಮೋಟಾರು, ರಿಲೇ, ಓವರ್‌ಲೋಡ್, ನೀರಿನ ಪಂಪು ಇವು ಗ್ಯಾಸಿನ ಪೈಪುಗಳನ್ನು ಮುಟ್ಟದೆ ಬದಲಾಯಿಸಬಹುದಾದ ಭಾಗಗಳು, ಒಂದೊಂದೂ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗಳ ಆಸುಪಾಸಿನವು. ಕಾಗದ ಅಲುಗದ, ‘ಟಕ್’ ಎಂದು ನಿಲ್ಲುವ ಯಂತ್ರಗಳಿಗೆ ನನ್ನ ಮತ ಇದಕ್ಕೇ. ತೊಡಕು ಭಾಗ ಸಿಗುವುದರಲ್ಲಿದೆ: ಹೆಸರಿಲ್ಲದ ಬ್ರಾಂಡಿನ ಯಂತ್ರಕ್ಕೆ ಅದೇ ಅಳತೆಯ ಫ್ಯಾನ್ ಸಿಗದಿರಬಹುದು. ಹಳೆಯ ಫ್ಯಾನಿನ ಮೇಲಿರುವ ವೋಲ್ಟ್, ಆಂಪಿಯರ್, ಮಿಲಿಮೀಟರ್ ಅಳತೆಗಳ ಫೋಟೊ ತೆಗೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಿದರೆ ಸರಿಹೊಂದುವಂಥದ್ದು ಸಿಗುವ ಸಾಧ್ಯತೆಯಿದೆ. ಗಾಳಿಯ ದಿಕ್ಕು ತಿರುಗುಮುರುಗಾಗದಂತೆ ಕೂರಿಸುವುದು ಮುಖ್ಯ. ರಿಪೇರಿಯವರು ಓವರ್‌ಲೋಡನ್ನು ತೆಗೆದು ನೇರ ವೈರು ಕೊಟ್ಟು ‘ಈಗ ನಿಲ್ಲುವುದಿಲ್ಲ ನೋಡಿ’ ಎಂದರೆ ಒಪ್ಪಬೇಡಿ. ಅದು ಕಂಪ್ರೆಸರ್ ಸುಡದಂತೆ ಕಾಯುವ ಕಾವಲುಗಾರ.

ಮೂರನೆಯ ಆಯ್ಕೆ: ಗ್ಯಾಸ್ ತುಂಬಿಸುವುದು, ಕಂಪ್ರೆಸರ್ ಬದಲಿಸುವುದು

ಜನ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿ. ಮುಚ್ಚಿ ಬೆಸೆದ ಪೈಪುಗಳೊಳಗಿನ ಗ್ಯಾಸ್ ತಾನಾಗಿ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರುವ ಜಾಗವನ್ನು ಹುಡುಕಿ ಬೆಸೆಯದೆ, ಪಂಪು ಹಚ್ಚಿ ಒಳಗಿನ ಗಾಳಿ ಮತ್ತು ತೇವವನ್ನು ಎಳೆದು ತೆಗೆಯದೆ ಬರೀ ಗ್ಯಾಸ್ ತುಂಬಿಸಿದರೆ ಒಂದು ತಿಂಗಳಲ್ಲಿ ಅದೇ ಕತೆ. ಇಷ್ಟು ಪುಟ್ಟ ಯಂತ್ರಕ್ಕೆ ಹಾಕಬೇಕಾದ ಗ್ಯಾಸನ್ನು ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಬೇಕು. ಕಣ್ಣಂದಾಜಿನಲ್ಲಿ ಹೆಚ್ಚು ತುಂಬಿದರೆ ಒತ್ತಡ ಏರಿ ಯಂತ್ರ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಚೀಟಿಯಲ್ಲಿ ಆರ್-600ಎ ಇದ್ದರೆ ಆ ಅನಿಲದಲ್ಲಿ ಕೆಲಸ ಮಾಡಿ ಗೊತ್ತಿರುವವರೇ ಬೇಕು. ಅದರ ಬದಲು ಆರ್-134ಎ ಎಂಬ ಬೇರೆ ಅನಿಲ ಹಾಕುತ್ತೇನೆ ಎನ್ನುವವರನ್ನು ವಾಪಸು ಕಳಿಸಿ, ಏಕೆಂದರೆ ಕಂಪ್ರೆಸರೂ ಕ್ಯಾಪಿಲರಿ ಎಂಬ ಸಪೂರ ಕೊಳವೆಯೂ ಒಂದೊಂದು ಅನಿಲಕ್ಕೆ ಹೊಂದುವಂತೆ ತಯಾರಾಗಿರುತ್ತವೆ. ಖರ್ಚು ಊರಿಂದ ಊರಿಗೆ ಬೇರೆಯಾದರೂ ಎರಡು ಮೂರು ಸಾವಿರವಾದರೂ ಆಗಬಹುದು, ಕಂಪ್ರೆಸರ್ ಬದಲಾದರೆ ಇನ್ನೂ ಹೆಚ್ಚು. ಹತ್ತು ಸಾವಿರದ ಆಸುಪಾಸಿನ, ಮೂರು ವರ್ಷ ದುಡಿದ ಯಂತ್ರಕ್ಕೆ ನಾನು ಇದನ್ನು ಮಾಡಿಸುವುದಿಲ್ಲ. ದೊಡ್ಡ, ದುಬಾರಿ ಯಂತ್ರವಾಗಿದ್ದು, ಕೆಲಸಕ್ಕೆ ಆರು ತಿಂಗಳ ಭರವಸೆಯನ್ನು ಬಿಲ್ಲಿನಲ್ಲಿ ಬರೆದುಕೊಡುವವರು ಸಿಕ್ಕರೆ ಲೆಕ್ಕ ಬದಲಾಗುತ್ತದೆ.

ನಾಲ್ಕನೆಯ ಆಯ್ಕೆ: ಹೊಸ ಯಂತ್ರ

ಕೊಳ್ಳುವುದೇ ಆದರೆ ದಿನಕ್ಕೆಷ್ಟು ಕಿಲೋ ಎಂಬ ದೊಡ್ಡ ಅಕ್ಷರಕ್ಕಿಂತ ಚೀಟಿಯ ಸಣ್ಣ ಅಕ್ಷರಗಳಿಗೆ ಬೆಲೆ ಕೊಡಿ. ಉತ್ತರ ಕರ್ನಾಟಕಕ್ಕೂ ಕರಾವಳಿಗೂ ಟಿ ವರ್ಗ, ಮಲೆನಾಡಿಗೆ, ಬೆಂಗಳೂರು ಮೈಸೂರಿಗೆ ಕನಿಷ್ಠ ಎಸ್‌ಟಿ. ಗಾಳಿಯ ಜಾಲರಿ ಎರಡೂ ಪಕ್ಕದಲ್ಲಿದ್ದರೆ ಇಕ್ಕಟ್ಟಾದ ಕಟ್ಟೆಗೆ ಅದು ಹೊಂದುವುದಿಲ್ಲ. ಕಂಡೆನ್ಸರಿನ ಕಡೆಯ ಜಾಲರಿ ಒಂದು ಸ್ಕ್ರೂಡ್ರೈವರಿಗೆ ಬಿಚ್ಚುವಂತಿದ್ದರೆ ಮುಂದಿನ ವರ್ಷಗಳಲ್ಲಿ ಧೂಳು ತೆಗೆಯುವುದು ಸುಲಭ. ಅಗಿಯಲು ಮೆತ್ತಗಿರುವ ‘ನಗ್ಗೆಟ್’ ಐಸಿನ ಯಂತ್ರಗಳು ಹೆಚ್ಚು ಬೆಲೆಯವು; ಐಸನ್ನು ಕೆರೆದು ಒತ್ತುವ ಗೇರು ಮೋಟಾರು ಅವುಗಳಲ್ಲಿರುವುದರಿಂದ ಗಡಸು ನೀರು ಅವಕ್ಕೆ ಮತ್ತಷ್ಟು ವೈರಿ. ವಿದ್ಯುತ್ತಿನ ಲೆಕ್ಕವೂ ನೆನಪಿರಲಿ: 120 ವ್ಯಾಟಿನ ಯಂತ್ರ ದಿನಕ್ಕೆ ನಾಲ್ಕು ಗಂಟೆ ಓಡಿದರೆ ಅರ್ಧ ಯೂನಿಟ್, ಹಗಲು ರಾತ್ರಿ ಓಡಿದರೆ ಮೂರು ಯೂನಿಟ್‌ಗೆ ಸ್ವಲ್ಪ ಕಡಿಮೆ. ಗೃಹಜ್ಯೋತಿಯ 200 ಯೂನಿಟ್‌ಗಳ ಮೇಲ್ಮಿತಿಯ ಅಂಚಿನಲ್ಲಿರುವ ಮನೆಗೆ ಎರಡನೆಯದು ತಿಂಗಳಿಗೆ 85 ಯೂನಿಟ್‌ಗಿಂತ ಹೆಚ್ಚಿನ ಭಾರ.

ಹೊರದೇಶದಲ್ಲಿರುವ ಮಕ್ಕಳು ತಂದುಕೊಟ್ಟ ಯಂತ್ರಗಳ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಕೊಂಡದ್ದು 120 ವೋಲ್ಟ್, 60 ಹರ್ಟ್ಸ್‌ನದು. ಇಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜ್ ಇಳಿಯುತ್ತದೆ, ಆದರೆ ನಮ್ಮ 50 ಹರ್ಟ್ಸ್ ಬದಲಾಗುವುದಿಲ್ಲ; ಸಾಮಾನ್ಯ ಕಂಪ್ರೆಸರಿನ ಮೋಟಾರು ನಿಧಾನವಾಗಿ ತಿರುಗಿ ಹೆಚ್ಚು ಕಾಯುತ್ತದೆ. ಅಂಥ ಯಂತ್ರದ ಬಿಸಿಗೆ ರಿಪೇರಿಯ ಮದ್ದಿಲ್ಲ. ಕೊಲ್ಲಿಯ ದೇಶಗಳಿಂದ ಬಂದದ್ದಾದರೆ ಚೀಟಿ ನೋಡಿ; 220-240 ವೋಲ್ಟ್, 50 ಹರ್ಟ್ಸ್ ಎಂದಿದ್ದರೆ ಇಲ್ಲಿ ನಿಶ್ಚಿಂತೆಯಿಂದ ಬಳಸಬಹುದು.

ಐದನೆಯ ಆಯ್ಕೆ: ಯಂತ್ರವನ್ನೇ ಬಿಡುವುದು

ಫ್ರಿಜ್‌ನ ಒಂದು ಸಾಮಾನ್ಯ ಟ್ರೇಯಲ್ಲಿ ಕಾಲು ಲೀಟರಿನಷ್ಟು ನೀರು ಹಿಡಿಯುತ್ತದೆ, ಗಟ್ಟಿಯಾಗಲು ನಾಲ್ಕೈದು ಗಂಟೆ ಬೇಕು. ಎರಡು ಟ್ರೇಗಳನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ತುಂಬಿ, ಆದ ಐಸನ್ನು ಮುಚ್ಚಳದ ಡಬ್ಬಿಗೆ ಸುರಿಯುತ್ತಾ ಹೋದರೆ ದಿನಕ್ಕೆ ಒಂದು ಕಿಲೋ ಆಯಿತು. ಮೇಲೆ ಹೇಳಿದ ಐದು ಜನರ ಮನೆಯ ಅಗತ್ಯ ಅಷ್ಟೇ. ತುಂಡುಗಳು ಯಂತ್ರದ ತುಂಡಿಗಿಂತ ಗಟ್ಟಿ, ನಿಧಾನವಾಗಿ ಕರಗುತ್ತವೆ. ಕಷ್ಟವಾಗುವುದು ಹತ್ತು ಜನ ನೆಂಟರು ಹೇಳದೆ ಬಂದಾಗ ಮಾತ್ರ. ಅಂಥ ದಿನ ಪೇಟೆಯಿಂದ ಐಸ್ ತರುವವರು ಗಮನಿಸಬೇಕಾದದ್ದು: ಮೀನು, ಹಾಲಿನ ಸಾಗಣೆಗೆ ಬಳಸುವ ದೊಡ್ಡ ಗಡ್ಡೆ ತಿನ್ನಲು ತಯಾರಾದದ್ದಲ್ಲ. ತಿನ್ನಲು ಯೋಗ್ಯವಲ್ಲದ ಐಸ್‌ಗೆ ನೀಲಿ ಬಣ್ಣ ಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿಯೇ ಹೇಳಿದ್ದರೂ, ಬಣ್ಣವಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಲೋಟಕ್ಕೆ ಹಾಕುವ ಧೈರ್ಯ ನನಗಿಲ್ಲ.

ಮನೆಯಿಂದ ಜ್ಯೂಸ್, ಕಬ್ಬಿನ ಹಾಲು, ಐಸ್ ಚಹಾ ಮಾರುವವರಿಗೆ ದಿನಕ್ಕೆ ಐದಾರು ಕಿಲೋ ಬೇಕಾದರೆ ಕಟ್ಟೆಯ ಮೇಲಿನ ಯಂತ್ರ, ಹೊಸದಾಗಲಿ ಹಳೆಯದಾಗಲಿ, ಮೇ ತಿಂಗಳಲ್ಲಿ ಉಸ್ಸೆನ್ನುತ್ತದೆ. ಅವರಿಗೆ ನನ್ನ ಸಲಹೆ ನೂರು ಲೀಟರಿನ ಒಂದು ಡೀಪ್ ಫ್ರೀಜರ್: ಕೊಳ್ಳುವಾಗ ಹೆಚ್ಚು ಹಣ, ನೆಲದಲ್ಲಿ ಹೆಚ್ಚು ಜಾಗ, ಮೊದಲ ಐಸ್‌ಗೆ ಒಂದು ರಾತ್ರಿಯ ಕಾಯುವಿಕೆ ಬೇಕು, ಆದರೆ ಸ್ಟೀಲ್ ಡಬ್ಬಿಗಳಲ್ಲಿ ಗಟ್ಟಿಯಾದ ಐಸ್ ಅಲ್ಲಿಯೇ ಉಳಿಯುತ್ತದೆ, ಮುಚ್ಚಳ ತೆಗೆಯದಿದ್ದರೆ ನಾಲ್ಕೈದು ಗಂಟೆ ಕರೆಂಟು ಹೋದರೂ ಕರಗುವುದಿಲ್ಲ. ಕಾಯುವ ಐಸ್ ಮೇಕರ್ ಮೊದಲ ಆಯ್ಕೆಯ ಆರೈಕೆಯಿಂದ ಚೇತರಿಸಿಕೊಂಡಿದ್ದರೆ ಅದನ್ನು ಬೆಳಗಿನ ಜಾವ ಓಡಿಸಿ, ಗಿರಾಕಿಗಳ ಲೋಟಕ್ಕೆ ಬೇಕಾದ ಸಣ್ಣ ತುಂಡುಗಳನ್ನು ಈ ಫ್ರೀಜರಿಗೇ ತುಂಬಿಸಿಕೊಳ್ಳಬಹುದು.